ಷಡ್ಜ ಪಂಚಮದ ಮೇಲೊಂದು ಕಾಲು ಶತಮಾನ: ಬೆಂಗಳೂರಿನ ಕ್ರಿಪ್ಟೋಸ್ ಮೇಳ



ಹಿರೇಕೊಟ್ನೆಕಲ್ಲಿನ ಈ ದತ್ತಿ ಉಪನ್ಯಾಸದಲ್ಲಿ ಸಂಗೀತದ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದರು. ರಾಯಚೂರಿನ ಈ ಸೀಮೆಯಲ್ಲಿ ಸಂಗೀತ ಎಂದರೆ ಮೊದಲು ನೆನಪಾಗುವವರು ದಾಸರು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು, ಇವರೆಲ್ಲ ನಡೆದಾಡಿದ ನೆಲ ಇದು. ವಚನಗಳಿಗೆ ಹಿಂದೂಸ್ತಾನಿ ರಾಗಗಳ ಮೈ ಕೊಟ್ಟ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರೂ ಇದೇ ಜಿಲ್ಲೆಯವರು. ರಾಯಚೂರಿನ ರಂಗಮಂದಿರ ಅವರ ಹೆಸರಿನಲ್ಲೇ ಇದೆ. ಆ ಪರಂಪರೆಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅದಕ್ಕಾಗಿ ಈ ಸಂಜೆ ನಾನು ಬೇರೊಂದು ದಾರಿ ಹಿಡಿದಿದ್ದೇನೆ. ಕರ್ನಾಟಕದ ಮಣ್ಣಿನಲ್ಲೇ ಹುಟ್ಟಿ, ಇಪ್ಪತ್ತೈದು ವರ್ಷಕ್ಕೂ ಮಿಗಿಲಾಗಿ ಬಾಳಿ, ನಮ್ಮ ಸಂಗೀತ ಚರಿತ್ರೆಯ ಪುಸ್ತಕಗಳಲ್ಲಿ ಒಂದು ಸಾಲಿನ ಜಾಗವನ್ನೂ ಪಡೆಯದ ಒಂದು ಮೇಳದ ಕಥೆ ಹೇಳಲು ಬಂದಿದ್ದೇನೆ. ಆ ಮೇಳದ ಹೆಸರು ಕ್ರಿಪ್ಟೋಸ್. ಅದರ ಸಂಗೀತವನ್ನು ಹಾರ್ಡ್ ರಾಕ್ ಎಂದೂ, ಅದರ ಇನ್ನೂ ಗಡಸಾದ ರೂಪವನ್ನು ಹೆವಿ ಮೆಟಲ್ ಎಂದೂ ಕರೆಯುತ್ತಾರೆ.

ಮೊದಲು ಈ ಸಂಗೀತದ ನಾದ ಯಾವುದರಿಂದ ಆಗಿದೆ ಎಂಬುದನ್ನು ನೋಡೋಣ. ಆಮೇಲೆ ಅದು ಬೆಂಗಳೂರಿಗೆ ಹೇಗೆ ಬಂತು ಎಂಬುದನ್ನು ಚಿಕ್ಕದಾಗಿ ಹೇಳಿ, ಕ್ರಿಪ್ಟೋಸ್ ನಡೆದ ಹಾದಿಯಲ್ಲಿ ಸ್ವಲ್ಪ ನಿಧಾನವಾಗಿ ನಡೆಯೋಣ. ಆ ಹಾದಿ ನಮ್ಮನ್ನು ಜರ್ಮನಿಯ ಒಂದು ಹಳ್ಳಿಗೆ ಕರೆದೊಯ್ಯುತ್ತದೆ. ಆ ಹಳ್ಳಿಯ ವಿಷಯವನ್ನು ನಿಮ್ಮೆದುರು ಹೇಳಬೇಕೆಂದೇ ನಾನು ಈ ವಿಷಯವನ್ನು ಆರಿಸಿಕೊಂಡೆ ಎಂದರೂ ಸರಿಯೇ. ಕೊನೆಯಲ್ಲಿ ಕನ್ನಡದ ಪ್ರಶ್ನೆಯೊಂದಿದೆ.

ಹಾರ್ಡ್ ರಾಕ್ ಕೇಳಿದ ಹಿರಿಯರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಬರೀ ಗದ್ದಲ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗದ್ದಲ ಅದರೊಳಗೆ ಇದೆ, ಬೇಕೆಂದೇ ಇದೆ. ಆದರೆ ಆ ಗದ್ದಲದ ತಳದಲ್ಲಿ ಏನಿದೆ ಎಂದು ಸ್ವಲ್ಪ ಕಿವಿಗೊಡೋಣ.

ಮೂರು ವಾದ್ಯಗಳು ಇದರ ಬುನಾದಿ: ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್. ಎಲೆಕ್ಟ್ರಿಕ್ ಗಿಟಾರಿನ ತಂತಿ ತಾನಾಗಿ ಹೆಚ್ಚು ಸದ್ದು ಮಾಡುವುದಿಲ್ಲ. ತಂತಿಯ ಕೆಳಗಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಅದರ ಕಂಪನವನ್ನು ವಿದ್ಯುತ್ತಿಗೆ ತಿರುಗಿಸುತ್ತವೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಆ ಪೆಟ್ಟಿಗೆಗೆ ಅದರ ಶಕ್ತಿಗೆ ಮೀರಿದ ಸದ್ದು ಕೊಟ್ಟರೆ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ, ಸ್ವರ ಒರಟಾಗುತ್ತದೆ. ರೇಡಿಯೋ ರಿಪೇರಿ ಮಾಡುವವರಿಗೆ ಇದು ದೋಷ. 1950, 60ರ ದಶಕದ ಗಿಟಾರ್ ವಾದಕರು ಈ ದೋಷವನ್ನೇ ಬೇಕೆಂದು ಹಿಡಿದುಕೊಂಡು ಅದರಿಂದ ಒಂದು ಹೊಸ ನಾದವನ್ನು ಕಟ್ಟಿದರು.

ಇಲ್ಲೊಂದು ಸ್ವಾರಸ್ಯವಿದೆ, ಸಂಗೀತ ಬಲ್ಲವರು ದಯವಿಟ್ಟು ಗಮನಿಸಬೇಕು. ಹೀಗೆ ಒರಟಾದ ನಾದದಲ್ಲಿ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಅವೆರಡರ ನಡುವಿನ ವ್ಯತ್ಯಾಸವೂ ಒಂದು ಸ್ವರವಾಗಿ ಕೇಳಿಸುತ್ತದೆ. ಷಡ್ಜ ಸೆಕೆಂಡಿಗೆ 200 ಸಲ ಕಂಪಿಸಿದರೆ ಪಂಚಮ 300 ಸಲ ಕಂಪಿಸುತ್ತದೆ. ವ್ಯತ್ಯಾಸ 100. ಅದು ಯಾವ ಸ್ವರ? ಅದೇ ಷಡ್ಜದ ಮಂದ್ರ. ಅಂದರೆ ಷಡ್ಜ ಪಂಚಮಗಳನ್ನು ಜೋಡಿಯಾಗಿ ನುಡಿಸಿದರೆ ಒರಟುತನವೇ ಕೆಳಗಿನಿಂದ ಮಂದ್ರ ಷಡ್ಜವನ್ನು ಎತ್ತಿಕೊಡುತ್ತದೆ, ನಾದ ದಪ್ಪವಾಗುತ್ತದೆ. ಅದೇ ಜೋಡಿಗೆ ಗಾಂಧಾರ ಸೇರಿಸಿ ನೋಡಿ, ಹುಟ್ಟುವ ಸ್ವರಗಳು ಒಂದರ ಮೇಲೊಂದು ಬಿದ್ದು ಎಲ್ಲವೂ ರಾಡಿಯಾಗುತ್ತದೆ. ಅದಕ್ಕೇ ಹಾರ್ಡ್ ರಾಕಿನ ಗಿಟಾರ್ ವಾದಕರು ಗಾಂಧಾರವನ್ನು ಬಿಟ್ಟು ಷಡ್ಜ, ಪಂಚಮ, ಮೇಲಿನ ಷಡ್ಜ, ಇಷ್ಟನ್ನೇ ಹಿಡಿಯುತ್ತಾರೆ. ಅವರು ಅದಕ್ಕೆ ಪವರ್ ಕಾರ್ಡ್ ಎನ್ನುತ್ತಾರೆ. ನಮ್ಮ ತಂಬೂರಿಯಲ್ಲಿ ಶ್ರುತಿ ಮಾಡುವುದೂ ಈ ಸ್ವರಗಳನ್ನೇ. ಜಗನ್ನಾಥದಾಸರ ಬೆನ್ನಿಗಿದ್ದ ಶ್ರುತಿಯೂ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯ ಹುಡುಗರ ಕೈಗೆ ಸಿಕ್ಕ ನಾದವೂ ಇದೇ ಎರಡು ಸ್ವರಗಳ ಮೇಲೆ ನಿಂತಿವೆ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಒಬ್ಬರು ಇನ್ನೊಬ್ಬರಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ. ನಾದದ ನಿಯಮ ಎಲ್ಲರಿಗೂ ಒಂದೇ.

ಬರ್ಮಿಂಗ್‌ಹ್ಯಾಮ್ ಎಂದೆ. ಇಂಗ್ಲೆಂಡಿನ ಆ ಕಬ್ಬಿಣದ ಊರಿನಲ್ಲಿ ಟೋನಿ ಅಯೋಮಿ ಎಂಬ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಹದಿನೇಳರ ವಯಸ್ಸಿನಲ್ಲಿ, ಕೆಲಸ ಬಿಡುವ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಆತ ಎಡಚ. ತಂತಿ ಒತ್ತುವ ಬೆರಳುಗಳೇ ಹೋದಂತಾಯಿತು. ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಜ್ಯಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆ ತಂದು ಕೇಳಿಸಿದರು. ಎರಡು ಬೆರಳು ಬೆಂದು ಸೆಟೆದುಹೋಗಿದ್ದರೂ ಜಗತ್ಪ್ರಸಿದ್ಧರಾದ ಗಿಟಾರ್ ವಾದಕರು ಅವರು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಕುಪ್ಪಿಗೆ ಮಾಡಿಕೊಂಡರು. ಒತ್ತಲು ಸುಲಭವಾಗಲೆಂದು ಮುಂದೆ ತಂತಿಗಳ ಶ್ರುತಿಯನ್ನು ಕೆಳಗಿಳಿಸಿದರು. ಆ ಇಳಿದ ಶ್ರುತಿಯ ಭಾರವಾದ ನಾದವೇ ಅವರ ಮೇಳ ಬ್ಲ್ಯಾಕ್ ಸಬಾತ್‌ನ ಗುರುತಾಯಿತು. 1970ರ ಫೆಬ್ರುವರಿಯಲ್ಲಿ ಅವರ ಮೊದಲ ಆಲ್ಬಮ್ ಬಂತು. ಹೆವಿ ಮೆಟಲ್ ಚರಿತ್ರೆಯನ್ನು ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಅದೇ ಮೇಳ 2025ರ ಜುಲೈ 5ರಂದು ತನ್ನ ಊರಿನಲ್ಲೇ ಕೊನೆಯ ಕಛೇರಿ ಮಾಡಿತು. ಅದಾಗಿ ಹದಿನೇಳು ದಿನಕ್ಕೆ ಗಾಯಕ ಆಜಿ ಆಸ್ಬರ್ನ್ ತೀರಿಕೊಂಡರು. ದುಡಿಯುವ ಕೈ ಗಾಯಗೊಂಡು ಹುಟ್ಟಿದ ನಾದ ಇದು. ಕೈಕೆಲಸದಿಂದಲೇ ಬದುಕುವ ನಮ್ಮಂಥವರಿಗೆ ಇದು ಪರಕೀಯವಾಗಬೇಕಿಲ್ಲ.

ನಾದದ ಮಾತು ಇಷ್ಟಕ್ಕೆ ಸಾಕು. ಇನ್ನು ಬೆಂಗಳೂರಿಗೆ ಬರೋಣ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೈನ್ಯದ ಬ್ಯಾಂಡುಗಳೂ ಚರ್ಚಿನ ಗಾಯನವೂ ಕ್ಲಬ್ಬುಗಳ ಕುಣಿತದ ಸಂಗೀತವೂ ಮೊದಲಿನಿಂದ ಇದ್ದವು. 1960ರ ದಶಕದಲ್ಲಿ ಗಿಟಾರ್ ಹಿಡಿದ ಹುಡುಗರ ಗುಂಪುಗಳು ಹುಟ್ಟಿದ್ದು ಆ ವಾತಾವರಣದಲ್ಲಿ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಮನೆತನದ ಬಿದ್ದು ಅಪ್ಪಯ್ಯ ಅಂಥದೊಂದು ಗುಂಪಿನಿಂದ ಹೊರಟು ಲಂಡನ್ನಿಗೆ ಹೋದರು. 1974ರಲ್ಲಿ ಜಗತ್ತೆಲ್ಲ ಕುಣಿದ ‘ಕುಂಗ್ ಫೂ ಫೈಟಿಂಗ್’ ಹಾಡಿನ ನಿರ್ಮಾಪಕರು ಅವರೇ. 1980ರಲ್ಲಿ ನಾಜಿಯಾ ಹಸನ್ ಹಾಡಿದ ‘ಆಪ್ ಜೈಸಾ ಕೋಯಿ’ಗೆ ಸಂಗೀತ ಕೊಟ್ಟವರೂ ಅವರೇ. ಬಿದ್ದು ಅವರದು ಹಾರ್ಡ್ ರಾಕ್ ಆಗಿರಲಿಲ್ಲ. ಆದರೂ ಬೆಂಗಳೂರಿನ ಬೀದಿಯಿಂದ ಎದ್ದ ಗಿಟಾರು ದೂರ ಹೋಗಬಲ್ಲದು ಎಂಬುದನ್ನು ಅವರು ತೋರಿಸಿದ್ದರು.

ಗಡಸು ಸಂಗೀತ ಬೇರೂರಿದ್ದು ಎಂಬತ್ತರ ದಶಕದ ಕೊನೆಗೆ. ಮಿಲೇನಿಯಂ ಎಂಬ ಮೇಳ ಆಗ ಬೆಂಗಳೂರಿನಲ್ಲಿ ಹೆವಿ ಮೆಟಲ್ ನುಡಿಸತೊಡಗಿತ್ತು. ಧ್ವನಿಮುದ್ರಿಕೆಗಳು ಸುಲಭವಾಗಿ ಸಿಗದ ಕಾಲ. ಒಬ್ಬನ ಬಳಿ ಬಂದ ಕ್ಯಾಸೆಟ್ಟು ಹತ್ತು ಮನೆ ಸುತ್ತಿ ನಕಲಾಗುತ್ತಿತ್ತು, ಪ್ರತಿ ನಕಲಿನಲ್ಲೂ ಸ್ವರ ಇನ್ನಷ್ಟು ಮಸುಕಾಗುತ್ತಿತ್ತು. ರಾಷ್ಟ್ರೀಯ ಕಾನೂನು ಶಾಲೆಯ ಸ್ಟ್ರಾಬೆರಿ ಫೀಲ್ಡ್ಸ್‌ನಂಥ ಕಾಲೇಜು ಸ್ಪರ್ಧೆಗಳು, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುವ ಫ್ರೀಡಂ ಜಾಮ್, ಇವು ವೇದಿಕೆಗಳಾದವು. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ ಮತ್ತು ಶೀನಾ ಸೈಗಲ್ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಆರಂಭಿಸಿದ ಮೇಲೆ ಊರೂರಿನ ಮೇಳಗಳಿಗೆ ಒಬ್ಬರ ಸುದ್ದಿ ಒಬ್ಬರಿಗೆ ತಲುಪಿತು. 1996ರಲ್ಲಿ ಬೆಂಗಳೂರಿನಲ್ಲೇ ಥರ್ಮಲ್ ಅಂಡ್ ಎ ಕ್ವಾರ್ಟರ್ ಹುಟ್ಟಿತು. ಬ್ರೂಸ್ ಲೀ ಮಣಿ ಅವರ ಹಾಡು, ಗಿಟಾರು ಮತ್ತು ರಾಜೀವ್ ರಾಜಗೋಪಾಲ್ ಅವರ ಡ್ರಮ್ಸ್ ಆ ಮೇಳದ ಜೀವ. ಅವರ ನಡೆ ಜಾಜ್ ಕಡೆಗೆ ವಾಲಿದ್ದು. ತಮ್ಮದೇ ಸಂಗೀತ ಶಾಲೆ ತೆರೆದು ಮುಂದಿನವರಿಗೆ ಕಲಿಸುವ ಕೆಲಸವನ್ನೂ ಅವರು ಮಾಡಿದ್ದಾರೆ.

ಆಮೇಲೆ ಹೊರಗಿನ ದೊಡ್ಡವರೂ ಬಂದರು. 2003ರಲ್ಲಿ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್. 2007ರ ಮಾರ್ಚ್ 17ರಂದು ಅದೇ ಮೈದಾನದಲ್ಲಿ ಐರನ್ ಮೇಡನ್. ಆ ಮೇಳ ಭಾರತದಲ್ಲಿ ನುಡಿಸಿದ್ದು ಅದೇ ಮೊದಲು. 2011ರ ಅಕ್ಟೋಬರಿನಲ್ಲಿ ದೆಹಲಿ ಪಕ್ಕದ ಗುರಗಾಂವಿನ ಕಾರ್ಯಕ್ರಮ ನಿಂತುಹೋಗಿ, ಮೆಟಾಲಿಕಾ ತನ್ನ ಮೊದಲ ಭಾರತೀಯ ಕಛೇರಿಯನ್ನು ಅಕ್ಟೋಬರ್ 30ರಂದು ಬೆಂಗಳೂರಿನಲ್ಲಿ ಮಾಡಿತು. ಇದನ್ನೆಲ್ಲ ನೋಡಿ ಪತ್ರಿಕೆಗಳು ಬೆಂಗಳೂರನ್ನು ಭಾರತದ ರಾಕ್ ರಾಜಧಾನಿ ಎಂದು ಕರೆದವು. ದೊಡ್ಡವರು ಬಂದು ಹೋಗುವುದರಿಂದ ಒಂದು ಊರು ರಾಜಧಾನಿ ಆಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಊರಲ್ಲೇ ಉಳಿದು, ವರ್ಷಗಟ್ಟಲೆ ಸಾಧನೆ ಮಾಡಿ, ಸ್ವಂತ ಕೃತಿಗಳನ್ನು ರಚಿಸುವವರು ಬೇಕು. ಕ್ರಿಪ್ಟೋಸ್ ಮುಖ್ಯವಾಗುವುದು ಅದಕ್ಕಾಗಿ.

ಈಗ ಆ ಮೇಳದ ಹಾದಿಗೆ ಬರುತ್ತೇನೆ.

1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಸೇರಿ ಕ್ರಿಪ್ಟೋಸ್ ಕಟ್ಟಿದರು. ನೋಲನ್ ಕೈಯಲ್ಲಿ ಗಿಟಾರು, ಗಣೇಶ್ ಕೈಯಲ್ಲಿ ಬೇಸು. ಆರಂಭದಲ್ಲಿ ಹಾಡುತ್ತಿದ್ದವರೂ ಗಣೇಶ್. ಆಗ ಕಾಲೇಜು ಸ್ಪರ್ಧೆಗಳಲ್ಲಿ ಗೆಲ್ಲಬೇಕೆಂದರೆ ವಿದೇಶೀ ಮೇಳಗಳ ಹಾಡುಗಳನ್ನು ಯಥಾವತ್ತಾಗಿ ನುಡಿಸಬೇಕಿತ್ತು. ಕೇಳುಗರಿಗೂ ಅದೇ ಬೇಕಿತ್ತು. ಅಂಥ ಕಾಲದಲ್ಲಿ ಸ್ವಂತ ರಚನೆಗಳನ್ನೇ ನುಡಿಸುತ್ತೇವೆ ಎಂದು ಪಟ್ಟುಹಿಡಿಯುವುದು ಸಣ್ಣ ಮಾತಾಗಿರಲಿಲ್ಲ.

ಅವರ ಆಲ್ಬಮ್‌ಗಳ ವರ್ಷಗಳನ್ನು ಒಮ್ಮೆ ಸಾಲಾಗಿ ಹೇಳುತ್ತೇನೆ. ‘ಸ್ಪೈರಲ್ ಅಸೆಂಟ್’ 2004. ‘ದಿ ಆರ್ಕ್ ಆಫ್ ಜೆಮಿನೈ’ 2008. ‘ದಿ ಕಾಯಿಲ್ಸ್ ಆಫ್ ಅಪೋಲಿಯಾನ್’ 2012. ‘ಬರ್ನ್ ಅಪ್ ದಿ ನೈಟ್’ 2016. ‘ಆಫ್ಟರ್‌ಬರ್ನರ್’ 2019. ‘ಫೋರ್ಸ್ ಆಫ್ ಡೇಂಜರ್’ 2021. ‘ಡೆಸಿಮೇಟರ್’ 2024. ಮೇಳ ಕಟ್ಟಿ ಮೊದಲ ಆಲ್ಬಮ್ ಬರಲು ಆರು ವರ್ಷ. ಆಮೇಲೆ ಮೂರು ಸಲ ನಾಲ್ಕು ನಾಲ್ಕು ವರ್ಷದ ಅಂತರ. ವಯಸ್ಸು ಏರಿದಂತೆ ಅಂತರ ಕಡಿಮೆಯಾಯಿತು: ಮೂರು, ಎರಡು, ಮೂರು. ಸಾಮಾನ್ಯವಾಗಿ ಮೇಳಗಳಲ್ಲಿ ಆಗುವುದು ಇದರ ತಿರುವುಮುರುವು. ಹರೆಯದಲ್ಲಿ ಭರಭರನೆ ಎರಡು ಆಲ್ಬಮ್, ಆಮೇಲೆ ನೌಕರಿ, ಮದುವೆ, ವಿದೇಶ, ಮೌನ. ಇವರು ನಿಧಾನವಾಗಿ ಶುರು ಮಾಡಿ ಹೋಗುತ್ತ ಹೋಗುತ್ತ ವೇಗ ಹಿಡಿದರು. ಎಲ್ಲರೂ ಮನೆಯೊಳಗೆ ಕೂತಿದ್ದ ಕೊರೋನಾ ಕಾಲದ ಬೆನ್ನಿಗೇ, 2021ರಲ್ಲಿ, ಒಂದು ಆಲ್ಬಮ್ ಬಂದಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಸಂಗೀತದಲ್ಲಿ ಏನು ಬದಲಾಯಿತು ಎಂಬುದು ಇನ್ನೂ ಕುತೂಹಲದ ಸಂಗತಿ. ಮೊದಲ ಆಲ್ಬಮ್‌ಗಳ ರಚನೆಗಳು ಉದ್ದ, ಜಟಿಲ. ಒಂದೇ ಹಾಡಿನೊಳಗೆ ಲಯ ಮೂರು ನಾಲ್ಕು ಸಲ ತಿರುಗುತ್ತದೆ. ಒಂದು ಭಾಗ ಮುಗಿದು ಮತ್ತೊಂದು ತಾಳಕ್ಕೆ ಹೊರಳುವ ಆ ಕಟ್ಟಡವನ್ನು ಕೇಳುವಾಗ, ಸುಳಾದಿ ಬಲ್ಲ ಈ ಊರುಗಳ ಕಿವಿಗೆ ಅದು ಕಷ್ಟವಾಗದು ಎಂದು ನನಗನ್ನಿಸುತ್ತದೆ. ಬೇರೆ ಬೇರೆ ತಾಳಗಳ ಖಂಡಗಳನ್ನು ಪೋಣಿಸಿ ಒಂದೇ ಕೃತಿ ಮಾಡುವುದು ವಿಜಯದಾಸರ ಕೈಯಲ್ಲಿ ಮಾಗಿದ ವಿದ್ಯೆ ತಾನೆ. 2016ರ ‘ಬರ್ನ್ ಅಪ್ ದಿ ನೈಟ್’ನಿಂದ ಕ್ರಿಪ್ಟೋಸ್ ಬೇರೆ ದಾರಿ ಹಿಡಿಯಿತು. ಹಾಡುಗಳು ಮೊಟಕಾದವು. ತಿರುವುಗಳು ಕಡಿಮೆಯಾದವು. ಒಂದು ಗಟ್ಟಿ ಗಿಟಾರ್ ಪಲ್ಲವಿ, ಅದರ ಮೇಲೆ ಎರಡನೆಯ ಗಿಟಾರಿನ ಜೊತೆಸ್ವರ, ಓಡುವ ಲಯ. ಎಪ್ಪತ್ತು ಎಂಬತ್ತರ ದಶಕದ ಹಾರ್ಡ್ ರಾಕಿನ ಸರಳತೆಗೆ ಅವರು ಬೇಕೆಂದೇ ಮರಳಿದರು.

ಇದನ್ನು ಹಿನ್ನಡೆ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಿಡಬೇಕಾದ್ದನ್ನು ಬಿಡಲು ಕಲಿಯುವುದು ದೊಡ್ಡ ಸಾಧನೆ. ಹದಿನೆಂಟರಲ್ಲಿ ಎಲ್ಲ ಗಮಕಗಳನ್ನೂ ಒಂದೇ ರಾಗಕ್ಕೆ ಸುರಿಯುವ ಗಾಯಕ, ನಲವತ್ತರಲ್ಲಿ ಒಂದು ಸ್ವರದ ಮೇಲೆ ನಿಲ್ಲಬಲ್ಲವನಾಗುತ್ತಾನೆ. ಆ ಬಗೆಯ ಮಾಗುವಿಕೆ ಇಲ್ಲಿದೆ. ಇನ್ನೊಂದು ಮಾತನ್ನೂ ಸೇರಿಸಬೇಕು. ಎರಡು ಸಾವಿರದ ಇಸವಿಯ ನಂತರ ಜಗತ್ತಿನಾದ್ಯಂತ ಹೆವಿ ಮೆಟಲ್ ಇನ್ನಷ್ಟು ವೇಗಕ್ಕೆ, ಇನ್ನಷ್ಟು ಕ್ರೂರ ಸದ್ದಿಗೆ ಓಡುತ್ತಿತ್ತು. ಬೆಂಗಳೂರಿನ ಹೊಸ ಮೇಳಗಳೂ ಅತ್ತಲೇ ಹೊರಟಿದ್ದವು. ಕ್ರಿಪ್ಟೋಸ್ ಆ ಓಟಕ್ಕೆ ಬೀಳಲಿಲ್ಲ. ಜೂಡಾಸ್ ಪ್ರೀಸ್ಟ್, ಐರನ್ ಮೇಡನ್ ಕಾಲದ ಜೋಡಿ ಗಿಟಾರಿನ ಶೈಲಿಯನ್ನು ಹಿಡಿದುಕೊಂಡು, ಅದರ ಮೇಲೆ ನೋಲನ್ ಲೂಯಿಸ್ ಅವರ ಗೊಗ್ಗರು ದನಿಯನ್ನಿಟ್ಟಿತು. ಇಂಪಾದ ಗಿಟಾರು, ಕರಕಲಾದ ಕಂಠ. ಈ ಎರಡರ ಜೋಡಣೆಯೇ ಅವರ ಮುದ್ರೆ.

ನೋಲನ್ ಅವರ ದನಿ ಎಂದೆ. ಆರಂಭದಲ್ಲಿ ಹಾಡುತ್ತಿದ್ದವರು ಗಣೇಶ್ ಎಂದೂ ಹೇಳಿದ್ದೆ. ಒಂದು ಮೇಳ ಕಾಲು ಶತಮಾನ ಬಾಳಿತು ಎಂದರೆ ಅದೇ ನಾಲ್ಕು ಜನ ಅಷ್ಟೂ ವರ್ಷ ಕೂಡಿ ಇದ್ದರು ಎಂದು ತಿಳಿಯಬಾರದು. ಹಾಡುವ ಹೊಣೆ ಮುಂದೆ ನೋಲನ್ ಪಾಲಿಗೆ ಬಂತು. ಪ್ರಧಾನ ಗಿಟಾರಿಗೆ ರೋಹಿತ್ ಚತುರ್ವೇದಿ ಬಂದು ಗಟ್ಟಿಯಾಗಿ ನಿಂತರು. ಡ್ರಮ್ಸಿನ ಮುಂದೆ ಕುಳಿತವರು ಬದಲಾಗುತ್ತ ಹೋದರು. ಗಣೇಶ್ ಕೃಷ್ಣಸ್ವಾಮಿಯವರ ದನಿಯನ್ನು ಮುಂದೆ ಬೇವರ್ ಸೀ ಎಂಬ, ನಿಧಾನವಾದ ಭಾರಿ ಲಯದ ಇನ್ನೊಂದು ಬೆಂಗಳೂರು ಮೇಳದಲ್ಲಿ ಕೇಳುತ್ತೇವೆ. ಒಂದು ಮೇಳದಿಂದ ಇನ್ನೊಂದು ಕವಲೊಡೆದು ಎರಡೂ ಬೆಳೆದಿದ್ದು ಊರಿನ ಸಂಗೀತಕ್ಕೆ ಲಾಭವೇ ಆಯಿತು.

ಸದಸ್ಯರು ಬದಲಾಗುವುದು ದೀರ್ಘಾಯುಷಿ ಮೇಳಗಳಿಗೆಲ್ಲ ಬರುವ ಪರೀಕ್ಷೆ. ಆಸ್ಟ್ರೇಲಿಯಾದ ಎಸಿ/ಡಿಸಿ ಮೇಳವನ್ನು 1973ರಲ್ಲಿ ಮಾಲ್ಕಮ್ ಯಂಗ್, ಆಂಗಸ್ ಯಂಗ್ ಎಂಬ ಅಣ್ಣತಮ್ಮಂದಿರು ಕಟ್ಟಿದರು. 1980ರ ಫೆಬ್ರುವರಿಯಲ್ಲಿ ಅವರ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ಅದೇ ವರ್ಷದ ಜುಲೈಯಲ್ಲಿ ಹೊಸ ಗಾಯಕ ಬ್ರಯನ್ ಜಾನ್ಸನ್ ಅವರೊಂದಿಗೆ ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರಬಂತು. ಹಾರ್ಡ್ ರಾಕಿನಲ್ಲಿ ಅಷ್ಟು ಮಾರಾಟವಾದ ಆಲ್ಬಮ್‌ಗಳು ಬೆರಳೆಣಿಕೆ. ಗಾಯಕನೇ ಹೋದ ಮೇಲೂ ಮೇಳ ನಿಂತದ್ದಕ್ಕೆ ಕಾರಣ, ಮಾಲ್ಕಮ್ ಯಂಗ್ ಅವರ ಲಯದ ಗಿಟಾರ್ ಕದಲಲಿಲ್ಲ. ವೇದಿಕೆಯ ಹಿಂಭಾಗದಲ್ಲಿ ನಿಂತು ಷಡ್ಜ ಪಂಚಮ ಹಿಡಿದವರು ಅವರು. ನಮ್ಮ ಭಜನಾ ಮಂಡಳಿಗಳಲ್ಲೂ ಮುಂದೆ ಹಾಡುವವರು ಬದಲಾಗುತ್ತಾರೆ, ಹಾರ್ಮೋನಿಯಂ ಮುಂದೆ ಮೂವತ್ತು ವರ್ಷ ಕದಲದೆ ಕೂತವರು ಒಬ್ಬರಿರುತ್ತಾರೆ, ಮಂಡಳಿ ಅವರಿಂದ ಉಳಿಯುತ್ತದೆ. ಕ್ರಿಪ್ಟೋಸ್‌ನಲ್ಲಿ ಆ ಜಾಗ ನೋಲನ್ ಲೂಯಿಸ್ ಅವರದು.

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. ನಮ್ಮಲ್ಲಿ ಸಂಗೀತಕ್ಕೆ ದೊಡ್ಡ ಆಸರೆ ಸಿನಿಮಾ. ಅದು ಬಿಟ್ಟರೆ ಸರ್ಕಾರದ ಉತ್ಸವಗಳು, ಮಠಗಳು, ಮದುವೆ ಮಂಟಪಗಳು. ಹೆವಿ ಮೆಟಲ್ ನುಡಿಸುವವರಿಗೆ ಇವುಗಳಲ್ಲಿ ಒಂದೂ ಇಲ್ಲ. ಬೇರೆ ದುಡಿಮೆಯಿಂದ ಹೊಟ್ಟೆ ಹೊರೆದು, ಸಂಜೆ ಮತ್ತು ಭಾನುವಾರಗಳಲ್ಲಿ ತಾಲೀಮು ನಡೆಸುವುದು ನಮ್ಮ ರಾಕ್ ಮೇಳಗಳ ಸಾಮಾನ್ಯ ಸ್ಥಿತಿ. ಈ ಮಾತನ್ನು ನಮ್ಮ ದೊಡ್ಡಾಟದ ಕಲಾವಿದರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ರಿಪ್ಟೋಸ್ ಅನ್ನು ಕೊನೆಗೆ ಕೈಹಿಡಿದದ್ದು ಹೊರದೇಶ. 2010ರಲ್ಲಿ ಅವರು ಯುರೋಪಿನ ಪ್ರವಾಸ ಮಾಡಿದರು. ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಅವರ ಆಲ್ಬಮ್‌ಗಳನ್ನು ಹೊರತಂದಿತು. ಬೆಂಗಳೂರಿನಲ್ಲಿ ತಯಾರಾದ ಹಾಡು ಜರ್ಮನಿಯಲ್ಲಿ ಅಚ್ಚಾಗಿ ಬೆಂಗಳೂರಿಗೆ ಮರಳಿ ಬರುವಂತಾಯಿತು. ಇದರಲ್ಲಿ ಹೆಮ್ಮೆಯೂ ಇದೆ, ನೋವೂ ಇದೆ.

ಇಲ್ಲಿಂದ ಆ ಜರ್ಮನಿಯ ಹಳ್ಳಿಗೆ ಹೋಗೋಣ.

ಊರಿನ ಹೆಸರು ವಾಕೆನ್. ಜರ್ಮನಿಯ ಉತ್ತರ ತುದಿಯಲ್ಲಿ, ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯದಲ್ಲಿದೆ. ಹುಲ್ಲುಗಾವಲು, ಹೈನು, ಹೊಲ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. 1990ರಲ್ಲಿ ಆ ಊರಿನ ಥಾಮಸ್ ಯೆನ್ಸನ್ ಮತ್ತು ಹೋಲ್ಗರ್ ಹ್ಯೂಬ್ನರ್ ಎಂಬ ಇಬ್ಬರು ಗೆಳೆಯರು ಗರಸು ತೆಗೆದ ಗುಂಡಿಯ ಜಾಗದಲ್ಲಿ ಒಂದು ರಾಕ್ ಸಂಗೀತದ ಕಾರ್ಯಕ್ರಮ ಇಟ್ಟರು. ನುಡಿಸಿದ್ದು ಆರು ಮೇಳಗಳು. ಬಂದವರು ಎಂಟುನೂರರಷ್ಟು ಜನ. ಇಂದು ಅದೇ ಊರಿಗೆ ಪ್ರತಿ ವರ್ಷ ಆಗಸ್ಟ್ ಆರಂಭದ ಹೊತ್ತಿಗೆ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಹೆವಿ ಮೆಟಲ್ ಲೋಕದ ಅತಿ ದೊಡ್ಡ ಜಾತ್ರೆಗಳಲ್ಲಿ ಒಂದು ನಡೆಯುವುದು ಅಲ್ಲಿ.

ಈ ಜಾತ್ರೆಯನ್ನು ಆ ಊರು ಹೇಗೆ ತನ್ನದಾಗಿಸಿಕೊಂಡಿತು ಎಂಬುದನ್ನು ನೀವು ಕೇಳಬೇಕು. ಕಪ್ಪು ಅಂಗಿ, ಉದ್ದ ಕೂದಲು, ಕಿವಿಗಡಚಿಕ್ಕುವ ಸದ್ದು. ಮೊದಲು ಊರವರಿಗೂ ಅಂಜಿಕೆ ಇತ್ತು. ಈಗ ರೈತರ ಹೊಲಗಳೇ ಆ ಕೆಲವು ದಿನ ಬಿಡಾರಗಳ ಬಯಲಾಗುತ್ತವೆ. ಮನೆಯಂಗಳದಲ್ಲಿ ಬೆಳಗಿನ ತಿಂಡಿ ಮಾರುತ್ತಾರೆ, ಮಕ್ಕಳು ಕೈಗಾಡಿಯಲ್ಲಿ ಬಂದವರ ಸಾಮಾನು ಎಳೆದು ಕಾಸು ಸಂಪಾದಿಸುತ್ತಾರೆ. ಊರಿನ ಅಗ್ನಿಶಾಮಕ ಸ್ವಯಂಸೇವಕರದೇ ಒಂದು ಊದುವಾದ್ಯಗಳ ತಂಡವಿದೆ. ಜಗತ್ತಿನ ಅತಿ ಗಡಸು ಮೇಳಗಳು ನುಡಿಸುವ ಆ ಉತ್ಸವದಲ್ಲಿ ತುತ್ತೂರಿ ಊದುವ ಈ ಊರವರಿಗೂ ವೇದಿಕೆ ಮೀಸಲು. 2017ರಲ್ಲಿ ಲಾರಿಗಳ ಓಡಾಟದಿಂದ ಹೊಲ ಹಾಳಾಗಬಾರದೆಂದು ಪಾನೀಯ ಸಾಗಿಸಲು ನೆಲದೊಳಗೆ ಸುಮಾರು ಏಳು ಕಿಲೋಮೀಟರ್ ಕೊಳವೆ ಹಾಕಿದರು. 2023ರಲ್ಲಿ ಮಳೆ ಹೊಯ್ದು ಹೊಲವೆಲ್ಲ ಕೆಸರಾಗಿ, ಟಿಕೆಟ್ ಪಡೆದಿದ್ದ ಸಾವಿರಾರು ಜನರನ್ನು ದಾರಿಯಿಂದಲೇ ವಾಪಸ್ ಕಳಿಸಬೇಕಾಯಿತು. ಎರೆಮಣ್ಣು ಬಲ್ಲ ನಮಗೆ ಆ ಸಂಕಟ ಬೇಗ ಅರ್ಥವಾಗುತ್ತದೆ. ಕೊರಿಯಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ನೆಲೆಸಿದ ಚೋ ಸುಂಗ್ ಹ್ಯುಂಗ್ ಎಂಬ ನಿರ್ದೇಶಕಿ 2006ರಲ್ಲಿ ‘ಫುಲ್ ಮೆಟಲ್ ವಿಲೇಜ್’ ಎಂಬ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದರಲ್ಲಿ ಹೆಚ್ಚು ಹೊತ್ತು ಕಾಣುವವರು ಅಲ್ಲಿನ ಹೈನಿನ ರೈತರು, ಅಜ್ಜಿಯರು, ಹರೆಯದ ಹುಡುಗಿಯರು.

2013ರಲ್ಲಿ ಆ ವೇದಿಕೆ ಏರಿ ಕ್ರಿಪ್ಟೋಸ್ ನುಡಿಸಿತು. ಭಾರತದಿಂದ ಅಲ್ಲಿಗೆ ಹೋದ ಮೊದಲ ಮೇಳ ಎಂಬ ಹೆಸರು ಅವರಿಗೆ ಬಂತು. ಸುದ್ದಿಯಲ್ಲಿ ಬಂದದ್ದು ಅಷ್ಟೇ: ಮೊದಲಿಗರು. ಮೊದಲಿಗರಾಗುವುದು ಒಂದು ದಿನದ ಸಂಗತಿ. ಆ ದಿನಕ್ಕೆ ಮುಂಚೆ ಹದಿನೈದು ವರ್ಷ, ಮೂರು ಆಲ್ಬಮ್ ಇದ್ದವು. ಆ ದಿನದ ನಂತರ ನಾಲ್ಕು ಆಲ್ಬಮ್ ಬಂದವು. ಅವರ ನಿಜವಾದ ಸಾಧನೆ ಇದು ಎಂದು ನಾನು ಒತ್ತಿ ಹೇಳುತ್ತೇನೆ. ಇದೇ ಕರ್ನಾಟಕದಲ್ಲಿ ಕ್ರಿಪ್ಟೋಸ್ ಹೆಸರು ಕೇಳಿರದ ಸಂಗೀತ ವಿದ್ವಾಂಸರು ಹೆಚ್ಚು. ಎರಡು ಸಾವಿರ ಜನರ ಆ ಜರ್ಮನ್ ಹಳ್ಳಿಯಲ್ಲಿ ಅದನ್ನು ಕೇಳಿದ ರೈತರಿದ್ದಾರೆ.

ಇನ್ನು ಕೊನೆಯ ವಿಷಯ. ಕ್ರಿಪ್ಟೋಸ್ ಹಾಡುವುದು ಇಂಗ್ಲಿಷಿನಲ್ಲಿ. ಹಾಗಾದರೆ ಅದನ್ನು ಕನ್ನಡ ವೇದಿಕೆಯಲ್ಲಿ ಏಕೆ ಮಾತಾಡಬೇಕು ಎಂದು ಕೇಳಬಹುದು. ಕೇಳುವುದು ನ್ಯಾಯ. ನನ್ನ ಉತ್ತರ ನೇರವಾಗಿದೆ. ಕರ್ನಾಟಕದ ಸಂಗೀತ ಎಂಬುದರೊಳಗೆ ಕರ್ನಾಟಕದಲ್ಲಿ ಕೂತು ಸಾಧನೆ ಮಾಡಿದವರೆಲ್ಲ ಸೇರುತ್ತಾರೆ. ತೆಲುಗು, ಸಂಸ್ಕೃತ ಕೃತಿಗಳನ್ನು ಹಾಡಿದ ಮೈಸೂರಿನ ವಿದ್ವಾಂಸರನ್ನು ನಾವು ನಮ್ಮವರೆನ್ನುತ್ತೇವೆ. ಬ್ರಜ್ ಭಾಷೆಯ ಬಂದಿಶ್ ಹಾಡಿದ ಧಾರವಾಡದ ಗಾಯಕರನ್ನು ಎದೆಗಪ್ಪಿಕೊಂಡಿದ್ದೇವೆ. ಅದೇ ಅಳತೆ ಇವರಿಗೂ ಸಲ್ಲಬೇಕು.

ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಗಿಟಾರ್ ಜೊತೆ ಕನ್ನಡ ಬೆರೆಯದೆ ಇಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೊದಲು ಅಂತರಾಗ್ನಿ ಎಂಬ ಮೇಳ ಕಟ್ಟಿ, ಆಮೇಲೆ ತಮ್ಮ ಹೆಸರಿನದೇ ಮೇಳದೊಂದಿಗೆ 2008ರಲ್ಲಿ ಮೊದಲ ಆಲ್ಬಮ್ ತಂದರು. ಶಿಶುನಾಳ ಶರೀಫರ ತತ್ವಪದಗಳನ್ನು ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಇಂಗ್ಲೆಂಡಿನ ವೇದಿಕೆಗಳಲ್ಲಿ ಹಾಡಿದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರ ಹಾಡು ಕೇಳಿಸಿತು. ಅವರ ತಮ್ಮ ವಾಸು ದೀಕ್ಷಿತ್ ಅವರ ಸ್ವರಾತ್ಮ ಮೇಳವೂ ಕನ್ನಡದಲ್ಲಿ ಹಾಡಿದೆ. ಇವೆಲ್ಲ ಜಾನಪದದ ಲಯಕ್ಕೆ ಒಗ್ಗಿದ, ಮೃದುವಾದ ರಾಕ್. ಗಡಸು ನಾದಕ್ಕೆ, ಒರಟಾದ ಆ ಷಡ್ಜ ಪಂಚಮಕ್ಕೆ ತಕ್ಕ ಕನ್ನಡ ಇನ್ನೂ ಬರಬೇಕಾಗಿದೆ. ಅಂಥ ಕನ್ನಡ ನಮ್ಮಲ್ಲಿ ಇಲ್ಲವೆಂದೇನೂ ಅಲ್ಲ. ದೊಡ್ಡಾಟದ ರಾಕ್ಷಸ ಪಾತ್ರದ ಮಾತಿನ ಅಬ್ಬರ, ಪುರವಂತರ ಒಡಪಿನ ಬಿರುಸು, ಗೀಗೀ ಪದದ ಸವಾಲು ಜವಾಬು ಕೇಳಿದವರಿಗೆ ಗಡಸು ಕನ್ನಡ ಎಲ್ಲಿದೆ ಎಂದು ಗೊತ್ತು. ಅದು ಇರುವುದು ಬೆಂಗಳೂರಿನ ತಾಲೀಮು ಕೋಣೆಗಳಿಂದ ದೂರದಲ್ಲಿ, ಈ ಕಡೆಯ ಊರುಗಳಲ್ಲಿ. ಗಿಟಾರು ಅಲ್ಲಿದೆ, ಮಾತು ಇಲ್ಲಿದೆ.

ಈ ಸಭೆಯಲ್ಲಿರುವ ಕಾಲೇಜು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ನನ್ನದೊಂದು ಕೋರಿಕೆ. ಸಂಗೀತ, ಪತ್ರಿಕೋದ್ಯಮ, ಜಾನಪದ ಓದುವವರಲ್ಲಿ ಯಾರಾದರೂ ಕ್ರಿಪ್ಟೋಸ್ ಮತ್ತು ಅದರ ಸರೀಕ ಮೇಳಗಳ ಮೇಲೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯಬೇಕು. ಕಟ್ಟಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ನುಡಿಸುತ್ತಿದ್ದಾರೆ, ಕೇಳಿದರೆ ಹೇಳುತ್ತಾರೆ. ಎಂಬತ್ತರ ದಶಕದ ಕ್ಯಾಸೆಟ್ಟುಗಳು ಮಾತ್ರ ದಿನದಿನಕ್ಕೆ ಹಾಳಾಗುತ್ತಿವೆ. ಅವುಗಳಲ್ಲಿ ಎಷ್ಟೋ ಮೇಳಗಳ ಒಂದೇ ಒಂದು ಧ್ವನಿಮುದ್ರಣ ಇರಬಹುದು. ಅವನ್ನು ಹುಡುಕಿ, ಗಣಕಕ್ಕೆ ಏರಿಸಿ ಉಳಿಸುವ ಕೆಲಸವನ್ನು ನಮ್ಮ ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೈಗೆತ್ತಿಕೊಳ್ಳಬೇಕು.

ನನ್ನ ಮಾತು ಇಲ್ಲಿಗೆ ಮುಗಿಯಿತು. ಸಂಘಟಕರು ಧ್ವನಿವರ್ಧಕದ ವ್ಯವಸ್ಥೆ ಮಾಡಿದ್ದಾರೆ. ಈಗ ಮೂರು ಹಾಡುಗಳನ್ನು ಕೇಳಿಸುತ್ತೇವೆ: 2004ರ ಮೊದಲ ಆಲ್ಬಮ್‌ನಿಂದ ಒಂದು, 2016ರದರಿಂದ ಒಂದು, 2024ರ ‘ಡೆಸಿಮೇಟರ್’ನಿಂದ ಒಂದು. ಮೊದಲನೆಯದರಲ್ಲಿ ಲಯ ತಿರುಗುವ ಜಾಗಗಳನ್ನು ಹಿಡಿಯಿರಿ. ಎರಡನೆಯದರಲ್ಲಿ ಎರಡು ಗಿಟಾರುಗಳು ಜೊತೆಯಾಗಿ ನಡೆಯುವುದನ್ನು ಕೇಳಿ. ಮೂರನೆಯದಕ್ಕೆ ಬರುವ ಹೊತ್ತಿಗೆ ನಿಮ್ಮ ಕಿವಿ ಪಳಗಿರುತ್ತದೆ, ನಾನು ಏನೂ ಹೇಳಬೇಕಾಗಿಲ್ಲ. ಸದ್ದು ಹೆಚ್ಚೆನಿಸಿದ ಹಿರಿಯರು ದಯವಿಟ್ಟು ಹಿಂದಿನ ಸಾಲಿಗೆ ಬಂದು ಕೂಡಬೇಕು, ಅಲ್ಲಿ ಕುರ್ಚಿ ಹಾಕಿಸಿದ್ದಾರೆ.